ಬಾವಿ ಮುಚ್ಚಿದ ದಿನ

ಕುರುಬರಹಳ್ಳಿಯ ಆ ಮನೆಯಲ್ಲಿ ಒಲೆ ಎರಡಿದ್ದರೂ ರಾತ್ರಿ ಊಟಕ್ಕೆ ಎಲ್ಲರೂ ಕೆಳಗಿನ ಹಾಲ್‌ನಲ್ಲೇ ಕೂರಬೇಕೆಂಬುದು ಪಟಾಲಮ್ಮ ಮಾಡಿದ ಕಟ್ಟಳೆ. ಕೆಳಗೆ ಹಿರಿಮಗ ಮಹದೇವ್, ಅವನ ಹೆಂಡತಿ, ಮಗಳು ದೀಪ್ತಿ. ಮಹಡಿಯ ಮೇಲೆ ಕಿರಿಮಗ ನಾಗೇಂದ್ರ, ಹೆಂಡತಿ ಶಶಿಕಲಾ, ಮಗಳು ಅನು. ರಸ್ತೆಯ ಕಡೆಗೆ ಮಹದೇವನ ಹಾರ್ಡ್‌ವೇರ್ ಅಂಗಡಿ. ಅಲ್ಲಿ ಮೊಳೆ ತೂಗುವವನು, ಪೈಪು ಕತ್ತರಿಸುವವನು, ಶಟರ್ ಎಳೆಯುವವನು ನಾಗೇಂದ್ರ. ಗಲ್ಲಾದ ಮುಂದೆ ಕೂರುವವನು ಅಣ್ಣ. ಹೀಗೇ ವರ್ಷಗಳಿಂದ ನಡೆದುಕೊಂಡು ಬಂದಿತ್ತು.

ಅನುವಿಗೆ ಸೊನ್ನೆ ಬಂದ ದಿನ ಆ ಹಾಲ್‌ನಲ್ಲಿ ಮುದ್ದೆ ಆರಿಹೋಯಿತು.

"ಯಾಕವ್ವಾ, ಉಣ್ಣಲ್ವಾ?" ಎಂದಳು ಪಟಾಲಮ್ಮ.

"ನನ್ನ ಯಾಕೆ ಕೇಳ್ತೀಯಜ್ಜಿ? ಅಲ್ಲಿ ಕೂತಿದಾಳಲ್ಲ, ಅವಳನ್ನ ಕೇಳು."

ಎದುರಿಗೆ ಕೂತಿದ್ದ ದೀಪ್ತಿ ಬಸ್ಸಾರಿನಲ್ಲಿ ಬೆರಳಾಡಿಸುತ್ತಾ ತಲೆ ತಗ್ಗಿಸಿದಳು.

ಇಬ್ಬರೂ ಬಸವೇಶ್ವರನಗರದ ಒಂದೇ ಕಾಲೇಜಿನಲ್ಲಿ ಮೊದಲ ವರ್ಷದ ಬಿ.ಕಾಂ. ಒಂದೇ ಸೆಕ್ಷನ್. ಕನ್ನಡಕ್ಕೆ ಬಸವರಾಜೇಶ್ವರಿ ಮೇಡಂ. ಬಳ್ಳಾರಿ ಕಡೆಯವರು, ಮಾತು ಖಡಕ್ಕು. ಮೊದಲ ಅಸೈನ್‌ಮೆಂಟ್ ಕೊಡುವಾಗಲೇ ಅವರು ಹೇಳಿದ್ದರು: "ನಿಮ್ಮ ಮನಿ ಹಿರಿಯರ ಬಗ್ಗೆ ಎರಡು ಪುಟ ಬರೀರಿ. ಗೂಗಲ್‌ದಾಗಿಂದು ಬ್ಯಾಡ, ಎಐ ಕಡಿಂದ ಬರಸೋದು ಬ್ಯಾಡ. ಕೇಳಿದ್ದು ಬರೀರಿ, ಕಂಡದ್ದು ಬರೀರಿ. ಸಾಕು."

ಪಿಯುಸಿವರೆಗೆ ಗೈಡಿನ ಪ್ರಬಂಧಗಳನ್ನು ಬಾಯಿಪಾಠ ಮಾಡಿ ಇಳಿಸಿದ್ದ ಅನುವಿಗೆ ಸ್ವಂತವಾಗಿ ಬರೆಯುವುದೆಂದರೆ ಹೇಗೆಂದೇ ತಿಳಿದಿರಲಿಲ್ಲ. ಅಜ್ಜಿಯ ಪಕ್ಕ ಕೂತು ಕೇಳಿದಳು. ಪಟಾಲಮ್ಮ ಪ್ರಾಯದಲ್ಲಿ ದಂಟುಸೊಪ್ಪಿನ ಬುಟ್ಟಿ ಹೊತ್ತು ರಾಜಾಜಿನಗರದ ಫ್ಯಾಕ್ಟರಿ ಕ್ವಾರ್ಟರ್ಸ್‌ಗಳಲ್ಲಿ ಮಾರುತ್ತಿದ್ದದ್ದು, ಮನೆ ಹಿಂದೆ ಇದ್ದ ಬಾವಿಯಲ್ಲಿ ಸೊಪ್ಪು ತೊಳೆಯುತ್ತಿದ್ದದ್ದು, ಲೇಔಟ್ ಬಂದು ಬಾವಿ ಮುಚ್ಚಿದ ಮೇಲೆ ಮೊದಲ ಸಲ ನಲ್ಲಿ ನೀರಿನಲ್ಲಿ ಸಾರು ಮಾಡಿದ್ದು, ಆ ಸಾರಿನ ರುಚಿ ಬೇರೆಯಾಗಿದ್ದರೂ ಉಂಡವರು ಯಾರೂ ಅದನ್ನು ಬಾಯಿಬಿಟ್ಟು ಹೇಳದೇ ಹೋದದ್ದು. ಅನು ಬರೆದಳು, ಅಳಿಸಿದಳು, ಮತ್ತೆ ಬರೆದಳು. ಮನೆಯಲ್ಲಿದ್ದದ್ದು ಒಂದೇ ಲ್ಯಾಪ್‌ಟಾಪ್, ಅದು ದೀಪ್ತಿಯ ಕೋಣೆಯಲ್ಲಿ. ಅಲ್ಲೇ ಟೈಪ್ ಮಾಡಿ, ನಾಳೆ ಕಾಲೇಜಿಗೆ ಕಳಿಸಿದರಾಯಿತೆಂದು ಉಳಿಸಿ ಬಂದಳು. ದೀಪ್ತಿ ಅದನ್ನು ಅವತ್ತೇ ತನ್ನ ಹೆಸರು ಹಾಕಿ ಕಳಿಸಿದ್ದಳು.

ಎರಡು ಪ್ರತಿ, ಒಂದೇ ಬರಹ. ಮೇಡಂ ಆಮೇಲೆ ಬಂದ ಅನುವಿನ ಪ್ರತಿಗೆ ಸೊನ್ನೆ ಸುತ್ತಿದರು. "ಕದ್ದಿದ್ದಕ್ಕ ನನ್ನ ಕ್ಲಾಸಿನ್ಯಾಗ ಜಾಗ ಇಲ್ಲವಾ," ಎಂದು ತುಂಬಿದ ತರಗತಿಯಲ್ಲಿ ಅನುವನ್ನು ನಿಲ್ಲಿಸಿ ಹೇಳಿದರು. ಅನು ಬಾಯಿ ತೆರೆದರೆ ಅಳು ಬಂತು. ದೀಪ್ತಿ ಎರಡನೇ ಬೆಂಚಿನಲ್ಲಿ ಕೂತು ತನ್ನ ಉಗುರು ನೋಡಿಕೊಳ್ಳುತ್ತಿದ್ದಳು.

ಅನು ಇದನ್ನೆಲ್ಲ ಊಟದ ನಡುವೆ ಹೇಳಿ ಮುಗಿಸಿದಾಗ ಮಹದೇವ್ ನಕ್ಕ.

"ಅಷ್ಟೇನಾ? ಒಂದೇ ಮನೆ, ಒಂದೇ ಅಜ್ಜಿ. ಇಬ್ರು ಬರೆದ್ರೆ ಕತೆ ಒಂದೇ ಇರಲ್ವೇನೇ?"

"ಕತೆ ಅಲ್ಲ ದೊಡ್ಡಪ್ಪ, ಸಾಲು ಸಾಲೂ ಒಂದೇ. ನಾನು ಬರೆದಿದ್ದು."

"ನಮ್ಮವಳು ಮೊದಲು ಕಳಿಸಿದಾಳೆ ಅಂತ ಮೇಡಮ್ಮೇ ಹೇಳವ್ರಲ್ಲ," ಎಂದಳು ದೊಡ್ಡಮ್ಮ, ಅನುವಿನ ತಟ್ಟೆಗೆ ಇನ್ನಷ್ಟು ಸಾರು ಬಡಿಸುತ್ತಾ. "ಲ್ಯಾಪ್‌ಟಾಪ್ ಬೇರೆ ಅವಳದೇ."

"ದೀಪ್ತಿ, ನೀನೇ ಹೇಳೇ," ಎಂದಳು ಶಶಿಕಲಾ. "ದೇವರ ಮನೆ ಕಡೆ ತಿರುಗಿ ಹೇಳು, ನೀನ್ ಬರ್ದಿದ್ದಾ ಅಂತ."

"ಶಶೀ," ಎಂದ ನಾಗೇಂದ್ರ. "ಸುಮ್ನಿರು."

"ಯಾಕ್ರೀ ಸುಮ್ನಿರ್ಲಿ?"

"ಮನೆ ವಿಷಯ. ಒಂದು ಅಸೈನ್‌ಮೆಂಟು. ಮುಂದಿನ್ದ್ರಲ್ಲಿ ತಗೊಂತಾಳೆ ಬಿಡು."

ಅನು ಅಪ್ಪನ ಮುಖ ನೋಡಿದಳು. ಅವನು ಅಣ್ಣನ ಕಡೆ ನೋಡುತ್ತಿದ್ದ. ಅವಳು ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋದಳು. ಆ ಮನೆಯಲ್ಲಿ ಮುದ್ದೆಯ ಮೇಲೆ ಕೈ ತೊಳೆದವರು ಅವಳೇ ಮೊದಲು.

ಹಿಂದೆಯೇ ಮಹಡಿ ಹತ್ತಿ ಬಂದ ನಾಗೇಂದ್ರ ಬಾಗಿಲಲ್ಲಿ ನಿಂತ. "ನಾಳೆ ಬೆಳಗೆದ್ದು ನಾನು ಅದೇ ಅಂಗಡಿಗೆ ಹೋಗ್ಬೇಕು ಕಣೇ. ಅಣ್ಣನ ಮುಖ ಹೆಂಗ್ ನೋಡ್ಲಿ?"

"ನಾನು ಅದೇ ಕ್ಲಾಸಿಗೆ ಹೋಗ್ಬೇಕು ಅಪ್ಪ. ನಂಗೆ ಕಳ್ಳಿ ಅಂತಾರೆ."

ನಾಗೇಂದ್ರ ಮೆಟ್ಟಿಲಿಳಿದು ಹೋದ.

*

ಮರುದಿನದಿಂದ ಶಶಿಕಲಾ ಕೆಳಗಿನವರಿಗೆ ದೋಸೆಹಿಟ್ಟು ರುಬ್ಬುವುದನ್ನು ನಿಲ್ಲಿಸಿದಳು. ಎರಡೂ ಮನೆಗೆ ರುಬ್ಬುತ್ತಿದ್ದವಳು ಅವಳೇ. ದೊಡ್ಡಮ್ಮ ಖಾಲಿ ಪಾತ್ರೆ ಹಿಡಿದು ಮೇಲೆ ಬಂದಾಗ, "ಗ್ರೈಂಡರ್ ಕೆಟ್ಟಿದೆ ಅಕ್ಕ," ಎಂದಳು. ಅವಳ ಬೆನ್ನ ಹಿಂದೆ ಗ್ರೈಂಡರ್ ತಿರುಗುತ್ತಲೇ ಇತ್ತು. ದೊಡ್ಡಮ್ಮ ಅದಕ್ಕೆ ಪ್ರತಿಯಾಗಿ ಟೆರೇಸಿನ ಬಟ್ಟೆ ಹಗ್ಗಗಳನ್ನೆಲ್ಲ ಬೆಳಗಾಗುವ ಮೊದಲೇ ತನ್ನ ಬಟ್ಟೆಗಳಿಂದ ತುಂಬಿಸಿಬಿಡತೊಡಗಿದಳು. ಮೋಟರ್ ಸ್ವಿಚ್ಚು ಕೆಳಗಿತ್ತು, ಮೇಲಿನ ಟ್ಯಾಂಕಿಗೆ ನೀರು ಏರುವುದು ಒಂದೊಂದು ದಿನ ಮರೆತುಹೋಗತೊಡಗಿತು. ರಾತ್ರಿ ಊಟಕ್ಕೆ ಮಾತ್ರ ಎಲ್ಲರೂ ಬಂದು ಕೂರುತ್ತಿದ್ದರು. ಉಪ್ಪು ಬೇಕಾದರೂ ಪಟಾಲಮ್ಮನ ಮೂಲಕವೇ ಕೇಳುತ್ತಿದ್ದರು.

"ಏನ್ ರೋಗ ಬಂದೈತೆ ನಿಮಗೆಲ್ಲಾ?" ಎಂದು ಮುದುಕಿ ಗದರುತ್ತಿದ್ದಳು. "ನಾನು ಇಬ್ರಿಗೂ ಹೇಳ್ದೆ. ಯಾರ್ ಬರುದ್ರೋ ನಂಗೇನ್ ಗೊತ್ತು? ನಂಗೆ ಓದಕ್ಕೆ ಬತ್ತದಾ?"

ಅಜ್ಜಿ ಕತೆ ಹೇಳುವಾಗ ದೀಪ್ತಿ ಪಕ್ಕದಲ್ಲಿ ಕೂತು ಮೊಬೈಲ್ ಉಜ್ಜುತ್ತಿದ್ದಳೆಂಬುದು ಅನುವಿಗೆ ಗೊತ್ತಿತ್ತು. ಹೇಳಿ ಏನು ಪ್ರಯೋಜನ?

ಬರಹ ಕಾಲೇಜಿನ ಗೋಡೆಪತ್ರಿಕೆಯಲ್ಲಿ ದೀಪ್ತಿಯ ಫೋಟೋ ಸಮೇತ ಬಂತು. ಮಹದೇವ್ ಅದರ ಪ್ರಿಂಟ್ ತೆಗೆಸಿ, ಗಾಜಿನ ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ಬಣ್ಣದ ಡಬ್ಬಿಗಳ ಮೇಲೆ ತೂಗುಹಾಕಿದ. ಸಿಮೆಂಟು ಕೊಳ್ಳಲು ಬಂದ ಮೇಸ್ತ್ರಿಗಳಿಗೆ, ನಲ್ಲಿ ವಾಷರ್ ಕೇಳಲು ಬಂದ ಹೆಂಗಸರಿಗೆ, ಎಲ್ಲರಿಗೂ ತೋರಿಸುತ್ತಿದ್ದ. "ನಮ್ಮ ಮಗಳು ಬರೆದಿರೋದು ಸಾರ್. ನಮ್ಮಮ್ಮನ ಮೇಲೆ. ಓದಿ, ಕಣ್ಣಲ್ಲಿ ನೀರು ಬರುತ್ತೆ." ಪಕ್ಕದಲ್ಲಿ ನಾಗೇಂದ್ರ ಮೊಳೆ ತೂಗುತ್ತಿದ್ದ. ಬೆಳಿಗ್ಗೆ ಶಟರ್ ತೆಗೆದು ಧೂಳು ಹೊಡೆಯುವಾಗ ಆ ಗಾಜನ್ನು ಒರೆಸಬೇಕಾದವನೂ ಅವನೇ.

ಅನು ಇದನ್ನು ಕಂಡದ್ದು ಒಂದು ಬೆಳಿಗ್ಗೆ, ಹಾವನೂರು ಸರ್ಕಲ್ ಕಡೆಗೆ ಕಾಲೇಜಿಗೆ ನಡೆದು ಹೊರಟಾಗ. ಅಪ್ಪ ಬಾಯಿಯಿಂದ ಗಾಜಿಗೆ ಹಬೆ ಬಿಟ್ಟು ಬಟ್ಟೆಯಿಂದ ಉಜ್ಜುತ್ತಿದ್ದ. ಅವಳ ಸಾಲುಗಳು, ದೀಪ್ತಿಯ ಹೆಸರು, ಅಪ್ಪನ ಕೈ. ಅಲ್ಲಿಯವರೆಗೆ ಅವಳಿಗೆ ಇದ್ದದ್ದು ನೋವು. ಆಮೇಲೆ ನೋವು ಹೋಗಿ ಬೇರೇನೋ ಬಂದು ಕೂತಿತು. ದೀಪ್ತಿ ತಲೆಯೆತ್ತದ ಹಾಗೆ ಮಾಡಬೇಕು. ಜನರ ಮುಂದೆ ಮಾಡಬೇಕು. ಅನು ನಡೆಯುತ್ತಾ ಅದನ್ನೇ ಹೇಳಿಕೊಂಡಳು.

*

ಅವಕಾಶ ತಾನಾಗಿ ಮೆಟ್ಟಿಲು ಹತ್ತಿ ಬಂತು. ನವೆಂಬರಿನ ಮೊದಲ ವಾರ. ದೀಪ್ತಿ ಒಂದು ಡಬ್ಬಿ ಒಬ್ಬಟ್ಟು ಹಿಡಿದು ಬಾಗಿಲಲ್ಲಿ ನಿಂತಳು.

"ಅನೂ, ಒಂದ್ ಹೆಲ್ಪ್ ಕಣೇ."

"ಏನು?"

"ರಾಜ್ಯೋತ್ಸವ ಫಂಕ್ಷನ್‌ಗೆ ಅಜ್ಜೀನ ಕರೆದು ಶಾಲು ಹೊದಿಸ್ತಾರಂತೆ. ನಾನು ಸ್ಟೇಜ್ ಮೇಲೆ ಓದ್ಬೇಕಂತೆ. ಹಳೇದಲ್ಲ, ಹೊಸದು. 'ಬಾವಿ ಮುಚ್ಚಿದ ದಿನ ಏನಾಯ್ತು, ಅದನ್ನ ಬರಿ' ಅಂದ್ರು ಮೇಡಂ." ದೀಪ್ತಿ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದಳು. "ನಂಗೆ ಬರಲ್ಲ ಕಣೇ. ನಿಂಗೊತ್ತಲ್ಲ, ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಅವತ್ತು ಕೂತೆ, ಒಂದು ಸಾಲೂ ಬರ್ಲಿಲ್ಲ. ಅಪ್ಪ ಬೈತಾರೆ ಅಂತ ಭಯ ಆಯ್ತು. ಅದಕ್ಕೇ..."

"ಅದಕ್ಕೇ ಕದ್ದೆ."

"ಸಾರಿ ಅಂದ್ನಲ್ಲ."

"ಯಾವಾಗ ಅಂದೆ?"

"ಈಗ ಅಂತಿದೀನಲ್ಲ! ಇದೊಂದ್ಸಲ ಬರ್ದು ಕೊಡು. ಆಮೇಲೆ ಮೇಡಂಗೆ ನಾನೇ ಎಲ್ಲ ಹೇಳ್ತೀನಿ. ಪ್ರಾಮಿಸ್."

ಆಮೇಲೆ ಇವಳು ಹೇಳುವುದಿಲ್ಲವೆಂದು ಅನುವಿಗೆ ಗೊತ್ತಿತ್ತು. ಆದರೂ ಡಬ್ಬಿ ಇಸಕೊಂಡಳು. ಎಷ್ಟೋ ದಿನಗಳ ಮೇಲೆ ದೀಪ್ತಿಯ ಮುಖ ನೋಡಿ ನಕ್ಕಳು. "ಆಯ್ತು. ಬರ್ದು ಕೊಡ್ತೀನಿ."

ಅವತ್ತು ಸಂಜೆ ಅವಳು ಅಜ್ಜಿಯ ಮುಂದೆ ಕೂತಳು. ಪಟಾಲಮ್ಮ ಮೊರದ ತುಂಬ ಅವರೆಕಾಯಿ ಸುರಿದುಕೊಂಡು ಬಿಡಿಸುತ್ತಿದ್ದಳು. ಬಾವಿ ಮುಚ್ಚಿದ ದಿನದ ಸುದ್ದಿ ತೆಗೆದದ್ದೇ ತಡ, ಕೈ ನಿಲ್ಲಿಸಿದಳು.

"ಅವತ್ತಾ? ಅವತ್ತು ನಿಮ್ ತಾತ ಬಾವಿಗಿಳುದ್ರು ಕಣವ್ವಾ."

"ಯಾಕಜ್ಜಿ?"

"ಲಾರಿ ಮಣ್ಣು ತುಂಬ್ಕೊಂಡು ಬಂದು ನಿಂತವೆ. ಇವರು ಡ್ರೈವರ್‌ಗೆ, 'ತಡಿಯಪ್ಪಾ ಒಂದ್ ಗಳಿಗೆ' ಅಂದು ಹಗ್ಗ ಕಟ್ಕೊಂಡು ಇಳುದ್ರು. ಎಷ್ಟು ಕಾಲದಿಂದ ನಮ್ಮ ಹೆಣ್ಮಕ್ಕಳ ಬಿಂದಿಗೆ ಕೈಜಾರಿ ಬಿದ್ದಿದ್ವು! ತಾಮ್ರದವು, ಹಿತ್ತಾಳೇವು. ಮುಳುಗಿ ಮುಳುಗಿ ಒಂದೊಂದೇ ತೆಗುದ್ರು. ಕೆಸರು ತೊಳುದು ಬಾವಿ ಕಟ್ಟೆ ಮ್ಯಾಲೆ ಸಾಲಾಗಿ ಇಟ್ರು. 'ಇದು ನಿಂದು, ಇದು ನಿಮ್ಮತ್ತೇದು' ಅಂತ ಕರುದು ಕರುದು ಕೊಟ್ರು. ನಮ್ಮತ್ತೆ ಸತ್ತು ಆಗಲೇ ಎಷ್ಟೋ ವರ್ಷ ಆಗಿತ್ತು, ಆವಮ್ಮನ ಬಿಂದಿಗೇನೂ ಸಿಕ್ತು. ಆಮೇಲೆ ಮೇಲೆ ಬಂದು, 'ಈಗ ಸುರೀರಪ್ಪಾ' ಅಂದ್ರು. ನಾನು ಒಳಗೆ ಅಡುಗೆ ಮಾಡ್ತಿದ್ದೆ. ನೋಡಕ್ಕೆ ಹೋಗ್ಲಿಲ್ಲ. ಸದ್ದು ಕೇಳ್ತಿತ್ತು."

ಇಂಥದ್ದು ಬರೆಯಲು ಮತ್ತೆ ಸಿಗುವುದಿಲ್ಲವೆಂದು ಅನುವಿಗೆ ಹೊಳೆಯಿತು. ಇದು ದೀಪ್ತಿಯ ಹೆಸರಿನಲ್ಲಿ ಹೋಗಬೇಕೆ?

"ಮೈಕ್‌ನಾಗೆ ನಿಮ್ ತಾತನ ಹೆಸರು ಹೇಳ್ತಾರಾ?" ಎಂದು ಕೇಳಿದಳು ಪಟಾಲಮ್ಮ.

"ಹೇಳ್ತಾರಜ್ಜಿ."

"ದೊಡ್ಡಹನುಮಯ್ಯ ಅಂತ ಪೂರ್ತಿ ಹೇಳ್ಬೇಕು. ಹನುಮಯ್ಯ ಅಂದ್ರೆ ನಮ್ಮ ಮೈದುನ ಆಗೋಯ್ತಾನೆ."

ಅನು ಮೇಲೆ ಹೋಗಿ ಬರೆದಳು. ಈ ಸಲ ಅಳಿಸುವ ಪ್ರಮೇಯ ಬರಲಿಲ್ಲ. ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆಂದು ಅವಳಿಗೇ ಆಶ್ಚರ್ಯವಾಯಿತು. ಕುಡುಗೋಲು ಹಿಡಿದು ಲಾರಿಗೆ ಅಡ್ಡ ನಿಂತ ಅಜ್ಜಿ, ಜುಟ್ಟು ಹಿಡಿದೆಳೆದ ಪೊಲೀಸರು, ಕಾಲಿಗೆ ಬಿದ್ದ ಡ್ರೈವರ್. ಇಷ್ಟಾದರೂ ಅಜ್ಜಿ ವೇದಿಕೆಯ ಮೇಲೆ ಸುಮ್ಮನಿದ್ದುಬಿಡಬಹುದು, ಮೊಮ್ಮಗಳಲ್ಲವೇ ಎಂದು ನಕ್ಕುಬಿಡಬಹುದು. ಸುಮ್ಮನಿರಲಾಗದಂಥದ್ದು ಒಂದು ಬೇಕಿತ್ತು. ಅನು ಪೆನ್ನು ಕಚ್ಚಿಕೊಂಡು ಯೋಚಿಸಿದಳು. ಆಮೇಲೆ ಬರೆದಳು: 'ನನ್ನ ತಾತ ದೊಡ್ಡಹನುಮಯ್ಯ ಹೆದರಿ ಹುಲ್ಲಿನ ಬಣವೆಯ ಹಿಂದೆ ಅಡಗಿ ಕೂತಿದ್ದರು. ಗಂಡಸರು ಅಡಗಿದ ದಿನ ಒಬ್ಬ ಹೆಂಗಸು ಎದ್ದು ನಿಂತಳು.'

ಶಶಿಕಲಾ ಕಾಫಿ ತಂದಿಟ್ಟಳು. "ಅವಳಿಗಾ ಬರೀತಿರೋದು? ನಿಂಗೆ ನಾಚ್ಕೆ ಆಗಲ್ವಾ?"

"ಕಾರ್ಯಕ್ರಮಕ್ಕೆ ಬಾಮ್ಮ. ಮುಂದಿನ ಸಾಲಲ್ಲಿ ಕೂತ್ಕೋ."

ಶಶಿಕಲಾ ಮಗಳ ಮುಖ ನೋಡಿದಳು. ಮತ್ತೇನೂ ಕೇಳದೆ ಹೋದಳು. ಅವತ್ತು ಅಡುಗೆಮನೆಯಲ್ಲಿ ಅವಳು ಏನೋ ಗುನುಗುತ್ತಿದ್ದದ್ದು ಕೇಳಿಸಿತು.

*

ಆ ದಿನ ಮಹದೇವ್ ಅಂಗಡಿಗೆ ಬೀಗ ಹಾಕಿದ. ಎರಡು ಆಟೋಗಳಲ್ಲಿ ಎಲ್ಲರೂ ಹೊರಟರು. ಪಟಾಲಮ್ಮ ಹಸಿರು ರೇಷ್ಮೆ ಸೀರೆ ಉಟ್ಟು ಕೂದಲಿಗೆ ಎಣ್ಣೆ ಹಚ್ಚಿ ಬಾಚಿಸಿಕೊಂಡಿದ್ದಳು. ದಾರಿಯುದ್ದಕ್ಕೂ ಒಂದೇ ಪ್ರಶ್ನೆ: "ಬಾವಿಗಿಳಿದಿದ್ದೂ ಹೇಳ್ತಾಳಾ?"

"ಎಲ್ಲ ಹೇಳ್ತಾಳಮ್ಮ," ಎನ್ನುತ್ತಿದ್ದ ಮಹದೇವ್.

ಸಭಾಂಗಣ ತುಂಬಿತ್ತು. ಅನು ಅಜ್ಜಿಯ ಹಿಂದಿನ ಕುರ್ಚಿಯಲ್ಲೇ ಕೂತಳು. ದೀಪ್ತಿ ಚೆನ್ನಾಗಿ ಓದಿದಳು. ಗಂಟಲು ಒಳ್ಳೆಯದು, ಎಲ್ಲಿ ನಿಲ್ಲಿಸಬೇಕೆಂಬುದೂ ಗೊತ್ತಿತ್ತು. ಕುಡುಗೋಲಿಗೆ ಚಪ್ಪಾಳೆ ಬಿತ್ತು, ಪೊಲೀಸರಿಗೆ ಹುಡುಗರು ಶಿಳ್ಳೆ ಹೊಡೆದರು. ಪಟಾಲಮ್ಮ ಅಕ್ಕಪಕ್ಕ ನೋಡಿದಳು. ಬೇರೆ ಯಾರದೋ ಕತೆ ನಡೆಯುತ್ತಿದೆಯೆಂದು ಅವಳು ಅಂದುಕೊಂಡ ಹಾಗಿತ್ತು. ಆಮೇಲೆ ಹೆಸರು ಬಂತು. ಪೂರ್ತಿ ಹೆಸರು. ಹಿಂದೆಯೇ ಹುಲ್ಲಿನ ಬಣವೆ ಬಂತು.

ಚಪ್ಪಾಳೆ ತಟ್ಟುತ್ತಿದ್ದ ಮಹದೇವನ ಕೈ ಅರ್ಧಕ್ಕೇ ನಿಂತಿತು. ನಾಗೇಂದ್ರ ತಿರುಗಿ ಅಮ್ಮನನ್ನು ನೋಡಿದ. ಪಟಾಲಮ್ಮ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದಳು.

ಅವಳನ್ನು ವೇದಿಕೆಗೆ ಕರೆದು ಶಾಲು ಹೊದಿಸಿ ಮೈಕ್ ಕೈಗೆ ಕೊಟ್ಟರು. "ಎರಡು ಮಾತಾಡಿ ಅಜ್ಜಿ."

"ನಮ್ಮೋರು ಅಡಗಿ ಕೂತಿರ್ಲಿಲ್ಲ," ಎಂದಳು ಪಟಾಲಮ್ಮ. "ನಮ್ಮೋರು ಬಾವಿ ಒಳಗಿದ್ರು."

ಹಿಂದಿನ ಸಾಲಿನಿಂದ ಯಾರೋ ಕಿಸಕ್ಕನೆ ನಕ್ಕರು. ನಗು ಹಬ್ಬಿತು.

"ಸೂಪರ್ ಅಜ್ಜಿ!" ಎಂದು ಒಬ್ಬ ಕೂಗಿದ. "ತಾತ ಬಾವೀಲಿ ಅಡಗಿದ್ರಂತೆ ಮಚ್ಚಾ!"

"ಅಲ್ಲ ಕಣ್ರಪ್ಪಾ... ಬಿಂದಿಗೆ... ಬಿಂದಿಗೆ ತಗಿಯಕ್ಕೆ..." ಮೈಕ್ ಬಾಯಿಂದ ದೂರ ಸರಿದು ಅರ್ಧ ಮಾತು ಯಾರಿಗೂ ಕೇಳಲಿಲ್ಲ. ನಗು ಇನ್ನೂ ಜೋರಾಯಿತು. ನಿರೂಪಣೆ ಮಾಡುತ್ತಿದ್ದ ಹುಡುಗಿ ಮೆಲ್ಲಗೆ ಮೈಕ್ ತೆಗೆದುಕೊಂಡು, "ಧನ್ಯವಾದಗಳು ಅಜ್ಜಿ," ಎಂದಳು.

ಬಸವರಾಜೇಶ್ವರಿ ಮೇಡಂ ನಗಲಿಲ್ಲ. ಎದ್ದು ನಿಂತು ಕೇಳಿದರು: "ದೀಪ್ತಿ, ಇದು ಅಜ್ಜಿ ಹೇಳಿದ್ದ ಹೌದಲ್ಲ?"

ದೀಪ್ತಿಯ ಮುಖದ ಬಣ್ಣ ಇಳಿದುಹೋಯಿತು. ಅವಳು ಹಾಳೆ ನೋಡಿದಳು, ಸಭೆ ನೋಡಿದಳು, ಅನುವನ್ನು ಹುಡುಕಿದಳು. ಅನು ಕಾದಿದ್ದ ಗಳಿಗೆ ಅದೇ. ಅವಳು ಕಣ್ಣು ತಪ್ಪಿಸಲಿಲ್ಲ. ನೋಡು, ಹೀಗಿರುತ್ತೆ ಎಂದುಕೊಂಡಳು. ಮೈಯೆಲ್ಲ ಹಗುರಾದ ಹಾಗೆ ಸುಖವಾಯಿತು.

ಆ ಸುಖದ ನಡುವೆಯೇ ಮುಂದಿನ ಕುರ್ಚಿಗೆ ಅಜ್ಜಿ ಬಂದು ಕೂತಳು. ಶಾಲು ಒಂದು ಹೆಗಲಿಂದ ಜಾರಿ ನೆಲಕ್ಕೆ ತಾಗುತ್ತಿತ್ತು, ಅವಳು ಎತ್ತಿಕೊಳ್ಳಲಿಲ್ಲ. ಹಿಂದೆ ಹುಡುಗರು ಇನ್ನೂ ನಗುತ್ತಿದ್ದರು. ಅನು ಬಗ್ಗಿ ಶಾಲು ಎತ್ತಿ ಹೊದಿಸಲು ಹೋದರೆ ಪಟಾಲಮ್ಮನ ಬೆನ್ನು ನಡುಗುತ್ತಿತ್ತು.

*

ಮನೆಯ ಬಾಗಿಲು ಹಾಕಿದ್ದೇ ಮಹದೇವ್ ಮಗಳ ಮೇಲೆ ಕೈ ಎತ್ತಿದ.

"ನಮ್ಮಪ್ಪ ಅಡಗಿದ್ನಾ? ಯಾರೇ ಹೇಳಿದ್ದು ನಿಂಗೆ? ಯಾರು?"

"ನಾನ್ ಬರ್ದಿಲ್ಲ ಅಪ್ಪ!" ದೀಪ್ತಿ ಗೋಡೆಗೆ ಒತ್ತಿಕೊಂಡು ಕಿರುಚಿದಳು. "ಅನು ಬರ್ದಿದ್ದು! ಹೋದ್ಸಲದ್ದೂ ಅವಳೇ ಬರ್ದಿದ್ದು! ನಂಗೇನೂ ಗೊತ್ತಿಲ್ಲ!"

ಕೈ ಗಾಳಿಯಲ್ಲೇ ನಿಂತಿತು. ಶಶಿಕಲಾ ತಕ್ಷಣ ಅಂದಳು: "ಕೇಳಿಸ್ಕೊಂಡ್ರಾ ಭಾವ? ಹೋದ್ಸಲದ್ದೂ ನಮ್ ಅನೂನೇ ಬರ್ದಿದ್ದಂತೆ. ನಿಮ್ಮ ಮಗಳ ಬಾಯಲ್ಲೇ ಬಂತು."

"ಮೊದಲು ನಿನ್ನ ಮಗಳು ಏನ್ ಬರ್ದಿದಾಳೆ ಅದನ್ನ ನೋಡು!" ಎಂದಳು ದೊಡ್ಡಮ್ಮ. "ಸತ್ತೋರ ಮೇಲೆ!"

ನಾಗೇಂದ್ರ ಅನುವಿನ ಹತ್ತಿರ ಬಂದ. ಅವನು ದನಿ ಏರಿಸಲಿಲ್ಲ. "ನೀನೇನಾ?"

"ಹೂಂ."

"ಬಾವಿ ವಿಷಯ ಗೊತ್ತಿತ್ತಾ?"

"ಅಜ್ಜಿ ಹೇಳಿದ್ರು."

"ಗೊತ್ತಿದ್ದೂ ಬರೆದೆ."

"ನೀವು ಸುಮ್ನಿದ್ರಿ ಅಪ್ಪ! ಗಾಜು ಒರೆಸ್ಕೊಂಡು ಸುಮ್ನಿದ್ರಿ! ನಾನೇನ್ ಮಾಡ್ಬೇಕಿತ್ತು? ಅವಳಿಗೆ ಅವಮಾನ ಆಗ್ಲಿ ಅಂತ ಬರೆದೆ."

ಅಷ್ಟರವರೆಗೆ ಗೋಡೆ ಕಡೆ ನೋಡುತ್ತಿದ್ದ ಪಟಾಲಮ್ಮ ತಿರುಗಿದಳು.

"ಅವಳಿಗೆ ಅವಮಾನ ಆಗ್ಲಿ ಅಂತ ನನ್ನ ಗಂಡನ ಪಂಚೆ ಬಿಚ್ಚಿದೆಯಲ್ಲೇ."

ಶಶಿಕಲಾ ಮಗಳ ಪರವಾಗಿ ಏನೋ ಹೇಳಲು ಹೊರಟು ನಿಲ್ಲಿಸಿದಳು. ಅವತ್ತು ಕೆಳಗಿನ ಹಾಲ್‌ನಲ್ಲಿ ಊಟ ಆಗಲಿಲ್ಲ. ಮಾರನೆಯ ದಿನವೂ ಆಗಲಿಲ್ಲ. ಪಟಾಲಮ್ಮ ತನ್ನ ಕೋಣೆಯಲ್ಲೇ ಒಂದು ಲೋಟ ಅಂಬಲಿ ಕುಡಿದು ಮಲಗುತ್ತಿದ್ದಳು. ಯಾರು ಕರೆದರೂ, "ನಿಮ್ ನಿಮ್ ಒಲೆ ಹತ್ರ ಉಣ್ಕೊಳ್ರಿ," ಎನ್ನುತ್ತಿದ್ದಳು. ಅಂಗಡಿಯಲ್ಲಿ ಬಣ್ಣದ ಡಬ್ಬಿಗಳ ಮೇಲೆ ಮೊಳೆ ಮಾತ್ರ ಉಳಿದಿತ್ತು.

*

ಸ್ಟಾಫ್ ರೂಮಿನಲ್ಲಿ ಇಬ್ಬರನ್ನೂ ನಿಲ್ಲಿಸಿಕೊಂಡ ಬಸವರಾಜೇಶ್ವರಿ ಮೇಡಂ ಮುಂದೆ ಎರಡು ಬರಹ ಇಟ್ಟುಕೊಂಡಿದ್ದರು. ಕೂಗಾಡಲಿಲ್ಲ.

"ಎರಡೂ ಒಬ್ಬಾಕಿ ಬರದದ್ದು. ಇಲ್ಲಿ ನೋಡ್ರಿ, ಸಣ್ಣ ಸಣ್ಣ ವಾಕ್ಯ, ಕಡೀಕ ಒಂದು ಸುಮ್ನ ನಿಲ್ಲೋ ಮಾತು. ಈ ಕೈ ನನಗ ಈಗ ಗುರ್ತು ಆಗೇತಿ." ಅನುವಿನ ಕಡೆ ನೋಡಿದರು. "ನಿಂದಲ್ಲ?"

"ಹೌದು ಮೇಡಂ."

"ಅವತ್ತು ನಿನಗ ಕಳ್ಳಿ ಅಂದೆ. ಕೇಳದ ಅಂದೆ, ನಂದು ತಪ್ಪು. ಆದ್ರ ಅವತ್ತು ನೀ ಬರದದ್ದು ಖರೇ ಇತ್ತು. ಇದು ಸುಳ್ಳು. ಅದ ಕೈಲೆ ಬರದಿ. ಈಗ ಏನ್ ಮಾಡ್ಲಿ ಹೇಳು?"

ಅನು ತಲೆ ತಗ್ಗಿಸಿದಳು. ತನ್ನ ಬರವಣಿಗೆಯನ್ನು ಒಬ್ಬರು ಗುರುತಿಸಿದ್ದರು. ಅವಳಿಗೆ ಅದು ಬೇಕಿತ್ತು. ಸಿಕ್ಕಿದ್ದು ಹೀಗೆ.

ಇಬ್ಬರಿಗೂ ಸೊನ್ನೆ ಎಂದರು ಮೇಡಂ. ಸೋಮವಾರದ ಗೋಡೆಪತ್ರಿಕೆಯಲ್ಲಿ ಇಬ್ಬರೂ ನಡೆದದ್ದನ್ನು ಬರೆದು, ಹೆಸರು ಹಾಕಿ ಅಂಟಿಸಬೇಕು. ದೀಪ್ತಿಯದು ದೀಪ್ತಿಯೇ ಬರೆಯಬೇಕು, ನಾಲ್ಕೇ ಸಾಲಾದರೂ ಸರಿ.

ಅನು ಮರುದಿನವೇ ಬರೆದು ತಂದಳು. ಮೇಡಂ ಕೆಂಪು ಪೆನ್ನು ತೆಗೆದು ಓದುತ್ತಾ ಹೋದರು. ದೀಪ್ತಿಯ ಹೆಸರಿನ ಹಿಂದೆ ಮುಂದೆ ಇದ್ದ 'ನಾಚಿಕೆಗೆಟ್ಟ', 'ಕಪಟಿ', 'ನಂಬಿಕೆದ್ರೋಹಿ' ಎಲ್ಲಕ್ಕೂ ಗೆರೆ ಬಿತ್ತು. ತನ್ನ ಬಗ್ಗೆ ಬರೆದುಕೊಂಡಿದ್ದ 'ನೊಂದ ಮನಸ್ಸಿನಿಂದ', 'ಬೇರೆ ದಾರಿ ಕಾಣದೆ' ಎಂಬುವಕ್ಕೂ ಬಿತ್ತು.

"ಈಗ ಓದು."

ಅನು ಓದಿದಳು. "ಚಪ್ಪೆ ಆಯ್ತು ಮೇಡಂ. ಅವಳು ಮಾಡಿದ್ದು ಸಣ್ಣದು ಅನ್ನೋ ಹಾಗಿದೆ."

"ಆಕಿ ಮಾಡಿದ್ದು ಬರದೀಯಲ್ಲ? ನೀ ಮಾಡಿದ್ದೂ ಬರದೀಯಲ್ಲ? ಬೈಗುಳ ಯಾಕ ಬೇಕು? ಮನಿಗೆ ಹೋಗು. ಅಜ್ಜಿ ಮುಂದ ಓದು. ಆಕಿ ಹೂಂ ಅಂದ್ರ ಅಂಟಸ್ತೀನಿ. ದೀಪ್ತಿಗೂ ಇದ ಮಾತು."

*

ಭಾನುವಾರ ಸಂಜೆ ಪಟಾಲಮ್ಮ ಹಾಲ್‌ಗೆ ಬಂದು ಕೂತಳು. ಇಬ್ಬರು ಗಂಡುಮಕ್ಕಳನ್ನೂ ಸೊಸೆಯರನ್ನೂ ಕೂರಿಸಿದಳು. ಮುಂಬಾಗಿಲನ್ನು ತಾನೇ ಎದ್ದು ಹೋಗಿ ಅಗಲವಾಗಿ ತೆರೆದಿಟ್ಟಳು. ಹೊರಗೆ ಎದುರುಮನೆಯವರು ಮೆಟ್ಟಿಲ ಮೇಲೆ ಕೂತಿದ್ದರು, ಇಸ್ತ್ರಿ ಅಂಗಡಿ ಮುಂದೆ ಜನ ಇದ್ದರು.

"ಬಾಗಿಲು ಹಾಕ್ಲಾ ಅಮ್ಮ?" ಎಂದ ಮಹದೇವ್.

"ಅಲ್ಲಿ ಮೈಕ್‌ನಾಗೆ ಹೇಳ್ದಾಗ ಬಾಗಿಲು ಹಾಕಿತ್ತಾ? ಕೂತ್ಕೋ." ಹುಡುಗಿಯರ ಕಡೆ ಕೈ ಮಾಡಿದಳು. "ಓದ್ರಿ."

ದೀಪ್ತಿ ಮೊದಲು ಓದಿದಳು. ಐದೇ ಸಾಲು, ಅದರಲ್ಲೂ ಎರಡು ಕಾಗುಣಿತ ತಪ್ಪಿ ತೊದಲಿದಳು. 'ಸೊಪ್ಪಿನ ಬುಟ್ಟಿಯ ಬರಹ ಅನು ಬರೆದದ್ದು. ನಾನು ನನ್ನ ಹೆಸರು ಹಾಕಿ ಕಳಿಸಿದೆ. ಅವಳಿಗೆ ಸೊನ್ನೆ ಬಂದಾಗ ನಾನು ಮಾತಾಡಲಿಲ್ಲ.'

"ಕೇಳಿಸ್ಲಿಲ್ಲ," ಎಂದಳು ಪಟಾಲಮ್ಮ. "ಗಟ್ಟಿಯಾಗಿ."

ದೀಪ್ತಿ ಮತ್ತೆ ಓದಿದಳು. ಎದುರುಮನೆಯ ಹೆಂಗಸು ಕತ್ತು ಚಾಚಿದಳು. ಮೂರನೆಯ ಸಲ ಓದುವಾಗ ದೀಪ್ತಿ ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದಳು, ಮಹದೇವ್ ನೆಲ ನೋಡಿದ. ಅನುವಿಗೆ ಒಳಗೊಳಗೇ ಹಿತವಾಯಿತು. ಆಗಬೇಕು, ಹೀಗೇ ಆಗಬೇಕು ಎಂದು ಅವಳ ಮನಸ್ಸು ಕುಣಿಯಿತು. ಆ ಕುಣಿತ ಮುಖದ ಮೇಲೂ ಬಂದಿತ್ತೋ ಏನೋ, ಪಟಾಲಮ್ಮ ಅವಳನ್ನೇ ನೋಡುತ್ತಿದ್ದಳು.

"ಸಾಕು. ಈಗ ನೀನು."

ಅನು ಎದ್ದು ನಿಂತು ಓದಿದಳು. ದೀಪ್ತಿ ಕದ್ದದ್ದು, ತಾನು ಸೇಡಿಗೆ ಬರೆದುಕೊಟ್ಟದ್ದು. ಆಮೇಲೆ: 'ನನ್ನ ತಾತ ದೊಡ್ಡಹನುಮಯ್ಯ ಅಡಗಿರಲಿಲ್ಲ. ಬಾವಿ ಮುಚ್ಚುವ ಮೊದಲು ಅವರು ಇಳಿದು ಬಿದ್ದಿದ್ದ ಬಿಂದಿಗೆಗಳನ್ನೆಲ್ಲ ತೆಗೆದು ಅವರವರಿಗೆ ಕೊಟ್ಟರು. ಇದು ಗೊತ್ತಿದ್ದೂ ನಾನು ಸುಳ್ಳು ಬರೆದೆ.'

ಶಶಿಕಲಾ ಸೆರಗಿನಿಂದ ಮೂಗು ಒರೆಸಿಕೊಂಡಳು. ನಾಗೇಂದ್ರ ಅವತ್ತು ಮೊದಲ ಸಲ ತಲೆಯೆತ್ತಿ ಮಗಳನ್ನು ನೋಡಿದ. ಅನು ಹಾಳೆ ಮಡಚಿದಳು.

"ಯಾಕ್ ಮಡಚ್ತೀಯ?" ಎಂದಳು ಪಟಾಲಮ್ಮ. "ಅವರ ಹೆಸರಿರೋ ಜಾಗದಿಂದ ಓದು. ಬಾಗಿಲ ಹತ್ರ ಹೋಗಿ ನಿಂತ್ಕೊಂಡು ಓದು."

ಅನು ಬಾಗಿಲಿಗೆ ಹೋದಳು. ಓದಿದಳು. ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಿ ಯಾರೋ ನೋಡಿದರು. ಇಸ್ತ್ರಿಯವನು ಪೆಟ್ಟಿಗೆ ಎತ್ತಿಟ್ಟು ಕೇಳಿಸಿಕೊಳ್ಳುತ್ತಿದ್ದ. ಕೊನೆಯ ಸಾಲಿಗೆ ಬಂದಾಗ ಅವಳ ದನಿ ತಾನಾಗಿ ಇಳಿಯಿತು.

"ಅದುನ್ನ ಯಾಕೆ ಮೆಲ್ಲಗೆ ಓದ್ತೀಯ? ಇನ್ನೊಂದ್ಸಲ."

"ಅಜ್ಜಿ, ಸಾಕಜ್ಜಿ."

"ಅವತ್ತು ಎಷ್ಟು ಜನ ನಕ್ರು? ನಿಂಗೆ ಸಾಕಾದ್ರೆ ಆಯ್ತಾ? ನಂಗೆ ಸಾಕಾಗ್ಬೇಕು."

ಅನು ಹಾಳೆಯನ್ನು ಮತ್ತೆ ಎತ್ತಿ ಹಿಡಿದಳು. 'ನನ್ನ ತಾತ ದೊಡ್ಡಹನುಮಯ್ಯ' ಎಂದು ಶುರುಮಾಡಿದಳು. ಹಿಂದೆ ಪಟಾಲಮ್ಮ ಸೊಸೆಯರಿಗೆ ಒಲೆ ಹಚ್ಚಲು ಹೇಳುತ್ತಿದ್ದಳು, ಎಲ್ಲರಿಗೂ ಇಲ್ಲೇ ಮುದ್ದೆ ಆಗಲಿ ಎನ್ನುತ್ತಿದ್ದಳು. ನಿಲ್ಲಿಸು ಎಂದು ಮಾತ್ರ ಹೇಳಲಿಲ್ಲ.